ವಾಸನೆಯಿಲ್ಲದ ಕೋಟುಗಳು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ಜನ ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೇ ಬಟ್ಟೆ ತರುತ್ತಾರೆಂದರೆ ಅದಕ್ಕೆ ಕಾರಣ ನನ್ನ ನಗುಮುಖವಂತೂ ಅಲ್ಲ. ಕಾರಣ ನಮ್ಮ ಅಕ್ಕ. ಕೌಂಟರಿನಲ್ಲಿ ಕೂತು ಗಿರಾಕಿಗಳ ಜೊತೆ ಜಗಳ ಆಡುವುದು ನನ್ನ ಕೆಲಸ, ಯಂತ್ರ ನಡೆಸಿ ಇಸ್ತ್ರಿ ಹಾಕುವುದು ನಮ್ಮವರ ಕೆಲಸ, ಕಲೆ ತೆಗೆಯುವುದು ಅಕ್ಕನ ಕೆಲಸ. ಯಂತ್ರಕ್ಕೆ ಹಾಕಿದರೆ ಎಲ್ಲವೂ ಹೋಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಯಂತ್ರಕ್ಕೆ ಹೋಗುವುದು ಕೊಳೆ ಮಾತ್ರ. ಕಲೆಗೆ ಮನುಷ್ಯರೇ ಬೇಕು.

ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅಕ್ಕನ ಉದ್ದನೆಯ ಮೇಜು. ಅದರ ಮೇಲೆ ಸಾಲಾಗಿ ಬಾಟಲಿಗಳು, ಎರಡು ಬ್ರಷ್ಷು, ಕೆರೆಯುವುದಕ್ಕೆ ಒಂದು ಚಪ್ಪಟೆ ಕಡ್ಡಿ, ಕಾಲಲ್ಲಿ ಒತ್ತಿದರೆ ಹಬೆ ಉಗುಳುವ ಒಂದು ಕೊಳವೆ. ಅವಳ ಸಂಸಾರ ಅಷ್ಟೇ. ಮದುವೆ ಅಂದಾಗಲೆಲ್ಲ "ನಿನ್ನನ್ನು ಸಾಕಿದ್ದೇ ಸಾಕಾಗಿದೆ" ಎಂದು ನನ್ನ ಕಡೆ ಬೊಟ್ಟು ಮಾಡಿದವಳು. ಅಮ್ಮ ತೀರಿಕೊಂಡಾಗ ನಾನು ಇನ್ನೂ ಜಡೆ ಹೆಣೆಸಿಕೊಳ್ಳುವ ವಯಸ್ಸಿನವಳು, ಅಕ್ಕನಿಗೂ ಅಂಥ ವಯಸ್ಸೇನೂ ಆಗಿರಲಿಲ್ಲ. ಈಗ ನನ್ನ ಕೂದಲೇ ನರೆತಿದೆ, ಆದರೂ ಅವಳಿಗೆ ನಾನು ಪುಟ್ಟಿಯೇ. ಗಿರಾಕಿಗಳ ಎದುರು ಹಾಗೆ ಕರೆಯಬೇಡ ಎಂದರೆ ಬೇಕೆಂದೇ ಇನ್ನಷ್ಟು ಜೋರಾಗಿ ಕರೆಯುತ್ತಾಳೆ.

ನಮ್ಮ ಹಳೆಯ ಯಂತ್ರದಲ್ಲಿ ಬಟ್ಟೆ ಒಗೆಯುತ್ತಿದ್ದದ್ದು ನೀರಿನಲ್ಲಲ್ಲ, ಒಂದು ದ್ರಾವಕದಲ್ಲಿ. ನಾವು ಅದಕ್ಕೆ ಮದ್ದು ಅನ್ನುತ್ತಿದ್ದೆವು. ನೋಡಲು ನೀರಿನ ಹಾಗೆಯೇ, ಎತ್ತಿದರೆ ಡಬ್ಬಿ ಕಲ್ಲಿನಷ್ಟು ಭಾರ. ಸಿಹಿಸಿಹಿಯಾದ, ಮೂಗಿಗೆ ಚುರ್ರೆನ್ನುವ ವಾಸನೆ. ಅಂಗಡಿಯ ಬಾಗಿಲು ತೆಗೆದ ಕೂಡಲೇ ಗಿರಾಕಿಗಳ ಮುಖ ಅರಳುತ್ತಿತ್ತು. "ಆಹಾ, ಕ್ಲೀನ್ ವಾಸನೆ" ಅನ್ನುತ್ತಿದ್ದರು. ಅವರು ಬಂದು ಹೋಗುವವರು. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಮುಳುಗಿರುತ್ತಿದ್ದಳು. ಮೇಜಿನ ಮೇಲೂ ಅಂಥವೇ ಬಾಟಲಿಗಳು. ಅವಳ ಮೂಗು ಯಾವಾಗಲೋ ಕೆಲಸ ಬಿಟ್ಟಿತ್ತು. ಒಲೆಯ ಮೇಲೆ ಹಾಲು ಸೀದು ತಳ ಹಿಡಿದು ಮಹಡಿಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿರುತ್ತಿದ್ದಳು. "ಅತ್ತಿಗೆಯ ಮೂಗು ಬರೀ ಕನ್ನಡಕ ಕೂರಿಸೋಕೆ" ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು, ಅಕ್ಕನೂ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಮೇಜು ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕುಸಿದಳು. ಆಮೇಲೆ ನಗು ಬರಲಿಲ್ಲ. ತಲೆನೋವು ಬಹಳ ದಿನದಿಂದ ಇತ್ತಂತೆ, ಹೇಳಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಯಕೃತ್ತು ಸೋತಿದೆ ಅಂದರು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು.

"ಆ ಮದ್ದಿನ ಗಾಳಿ ಇನ್ನು ಇವ್ರಿಗೆ ಕೂಡದು," ಅಂದರು. "ಅಂಗಡಿಯಿಂದ ಅದಾದ್ರೂ ಹೋಗ್ಬೇಕು, ಇವ್ರಾದ್ರೂ ಹೋಗ್ಬೇಕು. ಈಗಲೇ ಬಿಟ್ರೆ ಸುಧಾರಿಸ್ಕೊತಾರೆ."

"ಅಂಗಡಿ ಮಾಡಿದ್ದೇ ಇವಳು, ಇವಳನ್ನ ಹೋಗು ಅನ್ನೋಕೆ ನಾನ್ಯಾರು?" ಎಂದು ಡಾಕ್ಟರ ಮೇಲೇ ಹರಿಹಾಯ್ದೆ. ಪಾಪ, ಅವರ ತಪ್ಪೇನಿತ್ತು. ಅಕ್ಕ ನನ್ನ ಸೆರಗು ಹಿಡಿದು ಎಳೆದುಕೊಂಡು ಬಂದಳು.

ಮಹಡಿಯ ಮನೆಯಲ್ಲಿ ಅಕ್ಕ ವಿಶ್ರಾಂತಿ ತೆಗೆದುಕೊಂಡ ಚಂದ ಏನು ಹೇಳಲಿ. ಮೊದಲು ಪರದೆಗಳ ಕಲೆ ತೆಗೆದಳು. ಆಮೇಲೆ ಮೇಜಿನ ಬಟ್ಟೆ, ಸೋಫಾ, ಕೊನೆಗೆ ಗೋಡೆ. ಪಕ್ಕದ ಮನೆಯಾಕೆ ಸುಮ್ಮನೆ ಮಾತಾಡಿಸಲು ಬಂದರೆ ಆಕೆಯ ತೋಳಿನ ಮೇಲಿದ್ದ ಶಾಯಿ ಗುರುತನ್ನು ಬಿಡದೆ ತಿಕ್ಕಿ ಕಳಿಸಿದಳು. ಕಲೆಗಳೆಲ್ಲ ಮುಗಿದ ಮೇಲೆ ಕಿಟಕಿಯ ಹತ್ತಿರ ಕೈಕಟ್ಟಿ ಕೂತಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಬಡಿಸಿದ್ದನ್ನು ತಿನ್ನುತ್ತಿದ್ದಳು. ಜಗಳಕ್ಕೆ ಕರೆದರೂ ಬರುತ್ತಿರಲಿಲ್ಲ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಅಕ್ಕ ಆ ಮೇಜಿಗೆ ವಾಪಸ್ಸು ಬರಬೇಕು, ಏನಾದರಾಗಲಿ ಎಂದು ಹಟ ಹಿಡಿದೆ.

ಹುಡುಕಿದೆವು, ಕೇಳಿದೆವು, ಹತ್ತಾರು ಕಡೆ ಫೋನು ಹಚ್ಚಿದೆವು. ಕೊನೆಗೆ ಒಂದು ಹೊಸ ನಮೂನೆಯ ಯಂತ್ರ ಮಾಡುವವರು ಸಿಕ್ಕರು. ಅವರಿಗೆ ಈ ಕಡೆ ಒಂದು ಅಂಗಡಿಯಲ್ಲಿ ಅದನ್ನು ನಡೆಸಿ ತೋರಿಸಬೇಕಿತ್ತು. ಸಂಗೀತ ಕಛೇರಿಗಳ ಹಂಗಾಮು ಮುಗಿಯುವವರೆಗೆ ಇಟ್ಟುಕೊಳ್ಳಿ, ಹಿಡಿಸಿದರೆ ನಿಮಗೆ, ಇಲ್ಲದಿದ್ದರೆ ನಾವೇ ಬಂದು ಒಯ್ಯುತ್ತೇವೆ ಅಂದರು. ಯಂತ್ರದ ಜೊತೆ ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಬಂದ ಕೂಡಲೇ ನನ್ನನ್ನು ಆಂಟಿ ಅಂದಳು. ನುಂಗಿಕೊಂಡೆ.

"ಇದ್ರಲ್ಲಿ ಒಗೆಯೋದು ಯಾತ್ರಲ್ಲಿ?" ಎಂದು ನಮ್ಮವರು ಕೇಳಿದರು.

"ಸೋಡಾ ಬಾಟ್ಲಿ ತೆಗೆದ್ರೆ ಗುಳ್ಳೆ ಬರುತ್ತಲ್ಲ ಅಂಕಲ್, ಅದೇ ಗಾಳಿ."

"ಗಾಳೀಲಿ ಬಟ್ಟೆ ಒಗೀತೀವಾ?"

"ಚೆನ್ನಾಗಿ ಅದುಮಿದ್ರೆ ಅದೇ ಗಾಳಿ ನೀರಿನ ಹಾಗೆ ಹರಿಯುತ್ತೆ. ಅದಕ್ಕೇ ಬಾಗಿಲು ಇಷ್ಟು ದಪ್ಪ. ಬಟ್ಟೆಯೊಳಗೆಲ್ಲ ಹರಿದು ಜಿಡ್ಡು, ಕೊಳೆ ಎಲ್ಲ ಎಳ್ಕೊಳುತ್ತೆ. ಆಮೇಲೆ ಒತ್ತಡ ಬಿಟ್ರೆ ಮತ್ತೆ ಗಾಳಿಯಾಗಿ ಹಾರುತ್ತೆ, ಕೊಳೆ ಕೆಳಗೆ ಉಳಿಯುತ್ತೆ. ಅದೇ ಗಾಳೀನ ಹಿಡಿದು ಮತ್ತೆ ಅದುಮಿ ಮುಂದಿನ ಸಲಕ್ಕೆ ಇಟ್ಕೊಳುತ್ತೆ."

"ಗಾಳಿ ಎಲ್ಲಿಂದ ತರಿಸೋದಮ್ಮಾ?" ಅಂದೆ.

"ಬೇರೆ ಕಾರ್ಖಾನೆಗಳು ಹೊರಗೆ ಬಿಟ್ಟುಬಿಡೋ ಗಾಳೀನೇ ಹಿಡಿದು, ಶುದ್ಧ ಮಾಡಿ, ಸಿಲಿಂಡರಿಗೆ ತುಂಬಿಸಿ ಕೊಡ್ತಾರೆ ಆಂಟಿ. ನಮಗೋಸ್ಕರ ಹೊಸದಾಗಿ ಹುಟ್ಟಿಸೋದು ಏನೂ ಇಲ್ಲ. ಹಾಗಂತ ಆಟದ ಸಾಮಾನಲ್ಲ ಇದು. ಕೋಣೆಯೊಳಗೆ ಸೋರಿದ್ರೆ ಉಸಿರು ಕಟ್ಟುತ್ತೆ. ಗೋಡೆ ಮೇಲಿನ ಈ ಡಬ್ಬಿ ಕೂಗ್ತು ಅಂದ್ರೆ ಎಲ್ಲಾ ಬಿಟ್ಟು ಹೊರಗೆ ಓಡಿ."

ಅಕ್ಕನ ಮೇಜಿಗೂ ಹೊಸ ಬಾಟಲಿಗಳು ಬಂದವು. ಒಂದು ಜೋಳ ಹುಳಿಯಿಸಿ ತೆಗೆದದ್ದು, ಇನ್ನೊಂದು ಕಿತ್ತಳೆ ಸಿಪ್ಪೆಯಿಂದ ತೆಗೆದದ್ದು. ಹಳೆಯ ಮದ್ದನ್ನು ಮೋರಿಗೆ ಸುರಿಯಕೂಡದು, ನೆಲಕ್ಕೆ ಇಳಿದರೆ ಬಾವಿಯ ನೀರಿಗೂ ಸೇರುತ್ತದೆ, ಡಬ್ಬಿ ಸಮೇತ ನಾವೇ ಒಯ್ದು ವಿಲೇವಾರಿ ಮಾಡುತ್ತೇವೆ ಎಂದು ಹುಡುಗಿ ಎಲ್ಲವನ್ನೂ ಲಾರಿಗೆ ಹೇರಿಸಿದಳು. ಹಳೆಯ ಯಂತ್ರ ಮಾತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತು. ಅಕ್ಕ ಮಹಡಿಯಿಂದ ಇಳಿದು ಬಂದಳು. ಕಿತ್ತಳೆಯ ಬಾಟಲಿಯ ಮುಚ್ಚಳ ತೆಗೆದಳು. ಬಾಗಿಲ ಹತ್ತಿರ ನಿಂತಿದ್ದ ನಮಗೇ ಬುಟ್ಟಿಗಟ್ಟಲೆ ಹಣ್ಣು ಸುಲಿದ ಹಾಗೆ ಘಮ್ಮೆಂದಿತು. ಅಕ್ಕ ಬಾಟಲಿಯನ್ನು ಮೂಗಿಗೇ ಹಿಡಿದು, "ನೀರಿದ್ದ ಹಾಗಿದೆಯಲ್ಲೇ ಪುಟ್ಟಿ, ಇದು ಏನು ಕಲೆ ತೆಗೆಯುತ್ತೆ?" ಅಂದಳು.

ತೆಗೆಯಿತು ಅನ್ನಿ. ಒಬ್ಬರ ರೇಷ್ಮೆ ಅಂಗಿಯ ಮೇಲಿನ ಕೀಲೆಣ್ಣೆ ಅದಕ್ಕೇ ಹೋಯಿತು. ಅಕ್ಕನ ಮುಖ ನೋಡಬೇಕಿತ್ತು. ಯಂತ್ರದ್ದೂ ಹಾಗೆಯೇ. ಮೊದಲ ಸಲ ಬಾಗಿಲು ತೆಗೆದಾಗ ಬಟ್ಟೆ ತಣ್ಣಗೆ, ಒಣಗಿಕೊಂಡೇ ಬಂತು. ಒಂದು ಅಗ್ಗದ ಪ್ಲಾಸ್ಟಿಕ್ ಗುಂಡಿ ಉಬ್ಬಿಕೊಂಡು ಬಂದದ್ದು ಬಿಟ್ಟರೆ ಒಂದೂ ಕೊರತೆ ಇರಲಿಲ್ಲ. ಅದನ್ನು ನಮ್ಮವರೇ ಕೂತು ಬದಲಾಯಿಸಿದರು. ಕೋಟನ್ನು ಕೆನ್ನೆಗೆ ಒತ್ತಿಕೊಂಡೆ. ಯಾವ ವಾಸನೆಯೂ ಇಲ್ಲ. ಅಕ್ಕನ ತಲೆನೋವು ಕಡಿಮೆಯಾಯಿತು, ರಕ್ತ ಪರೀಕ್ಷೆಯಲ್ಲೂ ಸ್ವಲ್ಪ ಸುಧಾರಿಸಿದೆ ಅಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಆ ಸಂತೋಷಕ್ಕೆ ಕಲ್ಲು ಹಾಕಿದವರು ಗಿರಾಕಿಗಳು.

ಮೊದಲು ಒಬ್ಬ ಟೀಚರಮ್ಮ ಬಂದು ತನ್ನ ಉಣ್ಣೆಯ ಕೋಟನ್ನು ಮೂಸಿ, "ಇದನ್ನ ತೊಳೆದೇ ಇಲ್ಲ" ಅಂದಳು. ತೊಳೆದಿದ್ದೇವೆ ಅಂದೆ. "ವಾಸನೇನೇ ಇಲ್ವಲ್ಲ" ಅಂದಳು. ಬಟ್ಟೆ ವಾಸನೆ ಹೊಡೆಯದಿದ್ದರೆ ತೊಳೆದಿಲ್ಲ ಎಂದು ದೂರುವ ಜನರನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಪಿತ್ತ ನೆತ್ತಿಗೇರಿತು. "ಹಾಗಾದ್ರೆ ಒಂದು ಮೂಲಂಗಿ ಇಟ್ಟು ಕೊಡ್ಲಾ?" ಅಂದುಬಿಟ್ಟೆ. ಆಕೆ ಮತ್ತೆ ಬರಲಿಲ್ಲ. ಹಾಗೆ ಇನ್ನೂ ಕೆಲವರು ಬರುವುದು ಬಿಟ್ಟರು. ಎಲ್ಲರೂ ನನ್ನ ಬಾಯಿಯ ದೆಸೆಯಿಂದಲೇ ಹೋದರು ಎಂದು ನಮ್ಮವರು ಹೇಳುತ್ತಾರೆ, ಅವರ ಮಾತಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಆದರೆ ಮೂಗುಸಾಹೇಬರ ಮಾತಿಗೆ ಬೆಲೆ ಕೊಡಲೇಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲಿ ದೊಡ್ಡ ಸಂಗೀತಸಭಾಂಗಣವಿದೆ. ಅಲ್ಲಿಯ ವಾದ್ಯವೃಂದದವರು ವೇದಿಕೆಗೆ ಹಾಕಿಕೊಳ್ಳುವ ಕಪ್ಪು ಕೋಟುಗಳೆಲ್ಲ ವಾರಕ್ಕೊಮ್ಮೆ ನಮ್ಮಲ್ಲಿಗೇ ಬರುತ್ತವೆ. ನಮ್ಮ ಅರ್ಧ ಕೆಲಸವೇ ಅದು. ವೃಂದದ ಮೇನೇಜರು ಖುದ್ದಾಗಿ ಬಂದು ಒಂದೊಂದು ಕೋಟಿನ ಕಾಲರು, ಕಂಕುಳು ಮೂಸಿ ನೋಡದೆ ಒಯ್ಯುವವರಲ್ಲ. ಅದಕ್ಕೇ ನಾನು ಅವರಿಗೆ ಮೂಗುಸಾಹೇಬರು ಎಂದು ಹೆಸರಿಟ್ಟದ್ದು. ಒಳ್ಳೆಯ ಮನುಷ್ಯರೇ, ಆದರೆ ಮೂಗಿಗಿಂತ ದೊಡ್ಡ ಸಾಕ್ಷಿ ಅವರಿಗೆ ಬೇರೆ ಇಲ್ಲ.

ಹಲವು ವಾರ ಮುಖ ಸಿಂಡರಿಸುತ್ತಲೇ ಕೋಟು ಒಯ್ದವರು ಒಂದು ದಿನ, "ಬರೀ ಗಾಳಿಗೆ ಹಾಕಿ ತಂದ ಹಾಗಿದೆ," ಅಂದರು.

"ಗಾಳಿಗೇ ಹಾಕಿರೋದು ಸಾಹೇಬ್ರೇ," ಎಂದು ನಮ್ಮವರು ಬಾಯಿ ಬಿಟ್ಟರು. ಕಾಲು ತುಳಿದೆ. ಹೊಸ ಯಂತ್ರದ ಕಥೆಯನ್ನೆಲ್ಲ ನಾನೇ ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತಲೇ ಕೇಳಿದರು, ನಂಬಲಿಲ್ಲ.

"ಇರಬಹುದಮ್ಮ. ಆದ್ರೆ ಕೋಟು ಮೈಮೇಲೆ ಹಾಕಿದ್ರೆ ಕ್ಲೀನ್ ಅನ್ನಿಸಬೇಕಲ್ಲ? ಮುಂದಿನ ವಾರವೂ ಹೀಗೇ ಇದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

ಅವರು ಹೋದ ಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಿಡಿಸಿ ಹೇಳುವುದೇನೂ ಇರಲಿಲ್ಲ. ವಾದ್ಯದವರ ಕೋಟು ಹೋದರೆ ಹೊಸ ಯಂತ್ರವನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಅದು ಹೋದರೆ ಮೂಲೆಯಲ್ಲಿ ಕೂತ ಹಳೆಯದನ್ನೇ ಮತ್ತೆ ಎಬ್ಬಿಸಬೇಕು. ಅದು ಎದ್ದ ದಿನ ಅಕ್ಕ ಮಹಡಿ ಹತ್ತಿ ಕಿಟಕಿಯ ಹತ್ತಿರ ಕೂರಬೇಕು. ಹಿಂದಿನ ಕೋಣೆಯಿಂದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹಳೇದನ್ನೇ ಹಾಕ್ರಪ್ಪ," ಅಂದಳು. "ನಾನು ಮುಖಕ್ಕೆ ಒಂದು ಬಟ್ಟೆ ಕಟ್ಕೊಂಡು ಕೆಲಸ ಮಾಡ್ತೀನಿ. ಇಷ್ಟು ವರ್ಷ ಮಾಡಿಲ್ವಾ."

"ನಿನ್ನ ಪ್ರಾಣ ತೆಗೆದು ಅವ್ರ ಕೋಟು ಹೊಳೆಯೋದು ಬೇಡ," ಅಂದೆ. "ಮತ್ತೊಂದು ಸಲ ಆ ಮಾತು ಎತ್ತಿದ್ರೆ ಅಂಗಡಿಗೆ ನಾನೇ ಬೀಗ ಜಡೀತೀನಿ."

"ಅತ್ತಿಗೆ, ನೀವು ಯೋಚ್ನೆ ಮಾಡ್ಬೇಡಿ," ಎಂದು ನಮ್ಮವರು ಮೆತ್ತಗೆ ಹೇಳಿದರು. "ಏನಾದ್ರೂ ದಾರಿ ಸಿಗುತ್ತೆ."

ಸಿಕ್ಕೂ ಸಿಕ್ಕಿತು. ಮುಂದಿನ ವಾರ ಮೂಗುಸಾಹೇಬರು ಬಂದು ಮೊದಲನೆಯ ಕೋಟಿಗೆ ಮೂಗು ಹಚ್ಚಿದರು, ಎರಡನೆಯದಕ್ಕೆ ಹಚ್ಚಿದರು, ಕಣ್ಣು ಮುಚ್ಚಿ "ಹಾ, ಈಗ ಸರಿಯಾಯ್ತು ನೋಡಿ" ಅಂದರು. ನನಗೆ ಗೆದ್ದ ಹಾಗಾಯಿತು. ನಾನು ಕೊಟ್ಟ ವಿವರಣೆ ಒಂದು ವಾರ ತಡವಾಗಿ ಅವರ ತಲೆಗೆ ಇಳಿಯಿತು, ಮನಸ್ಸಿನ ಅನುಮಾನ ಹೋದ ಮೇಲೆ ಮೂಗೂ ದಾರಿಗೆ ಬಂತು ಅಂದುಕೊಂಡೆ. ನನ್ನ ಮೂಗಿನ ವಿಷಯ ಕೇಳಬೇಡಿ. ಇಷ್ಟು ವರ್ಷ ಆ ಅಂಗಡಿಯಲ್ಲೇ ಕೂತವಳು, ಬಾಗಿಲ ಹೊರಗೆ ನಿಂತರೂ ನನಗೆ ಆ ಮದ್ದಿನ ವಾಸನೆ ಬಂದಂತೆಯೇ ಅನ್ನಿಸುತ್ತದೆ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಮ್ಮವರು ಮಾತ್ರ ಮಾತಿಲ್ಲದೆ ಇಸ್ತ್ರಿ ತಿಕ್ಕುತ್ತಿದ್ದರು. ಸಂತೋಷಕ್ಕೆ ಅವರ ಮೇಲೂ ಪ್ರೀತಿ ಉಕ್ಕಿ, ಆ ದಿನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದೆ. ಕುಡಿಯುವಾಗ ಅವರು ನನ್ನ ಮುಖ ನೋಡಲಿಲ್ಲ. ಅದಕ್ಕೆ ಬೇರೇನೋ ಕಾರಣ ಇರಬೇಕು ಅಂದುಕೊಂಡೆ, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾರು ಅದನ್ನೆಲ್ಲ ಲೆಕ್ಕಕ್ಕೆ ಇಡುತ್ತಾರೆ.

ಹಂಗಾಮು ಮುಗಿಯುತ್ತಾ ಬಂತು. ಕೊನೆಯ ಕಛೇರಿಯ ಕೋಟುಗಳು ಕೌಂಟರಿನ ಪಕ್ಕದ ಕಂಬಿಗೆ ಸಾಲಾಗಿ ತೂಗುತ್ತಿದ್ದವು. ಮಾರನೆಯ ದಿನ ಇಂಜಿನಿಯರ್ ಹುಡುಗಿ ಬಂದು ಯಂತ್ರ ಇಟ್ಟುಕೊಳ್ಳುತ್ತೀರಾ, ಒಯ್ಯಲಾ ಎಂದು ಕೇಳುವವಳಿದ್ದಳು. ಮೂಗುಸಾಹೇಬರು ಬಂದು ಸಾಲಿನ ಆಚೆ ತುದಿಯಿಂದ ಕೋಟುಗಳನ್ನು ಮೂಸಲು ಶುರು ಮಾಡಿದರು. ಮುಂದಿನ ಹಂಗಾಮಿಗೂ ನಮ್ಮಲ್ಲಿಗೇ ಕೊಡುತ್ತೇನೆ ಎಂಬ ಮಾತು ಇನ್ನೇನು ಅವರ ಬಾಯಿಂದ ಬೀಳುವುದರಲ್ಲಿತ್ತು. ಅಷ್ಟರಲ್ಲಿ ಅಕ್ಕ ಯಾರದೋ ಸ್ಕರ್ಟು ಕೈಯಲ್ಲಿ ಹಿಡಿದು, ಅದರ ಗಿರಾಕಿಯ ಬಗ್ಗೆ ಏನೋ ಕೇಳಲು ಹಿಂದಿನ ಕೋಣೆಯಿಂದ ಬಂದಳು. ಬಂದವಳು ಹೊಸ್ತಿಲ ಹತ್ತಿರ ಗಕ್ಕನೆ ನಿಂತಳು.

"ಇಲ್ಲಿ ಮದ್ದಿದೆ," ಅಂದಳು.

"ಯಾವ ಮದ್ದು?" ಅಂದೆ.

"ಹಳೇ ಮದ್ದು."

"ಅಕ್ಕ, ಆ ಯಂತ್ರ ಬಂದ್ ಮಾಡಿ ಎಷ್ಟು ಕಾಲವಾಯ್ತು. ಡಬ್ಬಿನೆಲ್ಲಾ ಆ ಹುಡುಗಿ ಲಾರೀಲಿ ಹೇರ್ಕೊಂಡು ಹೋದ್ಲಲ್ಲ."

ಅಕ್ಕ ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ಕರ್ಟನ್ನು ಕೌಂಟರಿನ ಮೇಲಿಟ್ಟು, ಕತ್ತು ಮುಂದೆ ಚಾಚಿ ಕೋಟುಗಳ ಸಾಲಿನ ಹತ್ತಿರ ಹೋದಳು. ಒಂದು ಕೋಟು ದಾಟಿದಳು, ಇನ್ನೊಂದು ದಾಟಿದಳು, ಮೂರನೆಯದರ ಮುಂದೆ ನಿಂತು ಒಳಜೇಬಿಗೆ ಕೈ ಹಾಕಿದಳು. ಮಡಚಿ ಹೊಲಿದ ಒಂದು ಪುಟ್ಟ ಬಟ್ಟೆಯ ಚೂರು ಹೊರಗೆ ಬಂತು. ಪಕ್ಕದ ಕೋಟಿನ ಜೇಬಿನಲ್ಲೂ ಒಂದು. ಅದರ ಪಕ್ಕದ್ದರಲ್ಲೂ ಒಂದು. ನಾನು ಇಸ್ತ್ರಿಯ ಮೇಜಿನ ಕಡೆ ತಿರುಗಿದೆ. ನಮ್ಮವರ ಮುಖ ಹುಳ್ಳಗಾಗಿತ್ತು.

"ಒಂದು ಡಬ್ಬಿ ಹಿತ್ತಲ ಶೆಡ್ಡಿನಲ್ಲಿ ಉಳಿಸ್ಕೊಂಡಿದ್ದೆ ಕಣೇ," ಅಂದರು. "ಒಂದೊಂದು ಹನಿ ಅಷ್ಟೇ. ಸಾಹೇಬ್ರು ಬರೋ ಹೊತ್ತಿಗೆ ಜೇಬಲ್ಲಿಟ್ಟು, ಅವ್ರು ಮೂಸಿದ ಮೇಲೆ ಕವರು ಹಾಕುವಾಗ ತೆಗೀತಿದ್ದೆ. ಅತ್ತಿಗೆ ಹಿಂದಿನ ಕೋಣೇಲಿ ಇರ್ತಾರಲ್ಲ, ಅಲ್ಲಿಯವರೆಗೆ ಎಲ್ಲಿ ಹೋಗುತ್ತೆ ಅಂತ."

"ರೀ," ಎಂದು ಶುರು ಮಾಡಿದೆ. ಆಮೇಲೆ ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಅವರ ಬುದ್ಧಿ, ಅವರ ಮನೆತನ, ಅವರು ಕುಡಿದ ಸಕ್ಕರೆ ಚಹಾ ಯಾವುದನ್ನೂ ಬಿಟ್ಟಿರಲಿಕ್ಕಿಲ್ಲ. ಯಾರನ್ನು ಉಳಿಸಲು ಇಷ್ಟೆಲ್ಲ ಮಾಡುತ್ತಿದ್ದೇವೋ ಅವಳ ಮೂಗಿನ ಕೆಳಗೇ ಆ ವಿಷ ತಂದಿಟ್ಟಿರಲ್ಲ ಎಂದು ಕೂಗಿದೆ. ಕೂಗುತ್ತಾ ಕೂಗುತ್ತಾ ನನ್ನ ಮಾತು ನನಗೇ ಕೇಳಿಸಿತು. ಬಾಯಿ ಅಲ್ಲೇ ನಿಂತಿತು.

"ಅಕ್ಕ," ಅಂದೆ. "ಜೇಬಲ್ಲಿರೋದು ನಿನಗೆ ಹೇಗೆ ಗೊತ್ತಾಯ್ತು?"

"ವಾಸನೆ ಬಂತು," ಅಂದಳು.

ಕೈಯಲ್ಲಿದ್ದ ಬಟ್ಟೆಯ ಚೂರನ್ನು ನೋಡಿದಳು. ಮೂಗಿನ ಹತ್ತಿರ ತಂದು, ಥಟ್ಟನೆ ದೂರ ಹಿಡಿದಳು.

"ಪುಟ್ಟಿ, ಇದು ಇಷ್ಟು ಕೆಟ್ಟದಾಗಿ ನಾರುತ್ತಾ?"

ನಮ್ಮವರು ಇಸ್ತ್ರಿ ಕೆಳಗಿಟ್ಟು ಓಡಿ ಬಂದು, ಆ ಚೂರುಗಳನ್ನೆಲ್ಲ ಅವಳ ಕೈಯಿಂದ ಕಿತ್ತುಕೊಂಡು ಒಂದು ಡಬ್ಬಿಗೆ ತುರುಕಿ, ಮುಚ್ಚಳ ಬಿಗಿದು ಹೊರಗಿಟ್ಟು ಬಂದರು. "ತಪ್ಪಾಯ್ತು ಅತ್ತಿಗೆ," ಅಂದರು. ಅವರ ಕಣ್ಣಲ್ಲಿ ನೀರಿತ್ತು, ಹಲ್ಲು ಮಾತ್ರ ಪೂರ್ತಿ ಕಾಣುತ್ತಿತ್ತು. ಬೈಯಬೇಕೋ ಬಿಡಬೇಕೋ ನನಗೆ ತಿಳಿಯಲಿಲ್ಲ.

ಇಷ್ಟೂ ಹೊತ್ತು ಮೂಗುಸಾಹೇಬರು ಒಂದು ಕೋಟಿನ ತೋಳು ಹಿಡಿದುಕೊಂಡೇ ನಿಂತಿದ್ದರು. ಅಕ್ಕನಿಗೆ ಈಗ ಎದುರು ಸಿಕ್ಕಿದ್ದನ್ನೆಲ್ಲ ಮೂಸುವ ಹುಚ್ಚು ಹತ್ತಿತು. ಸ್ಕರ್ಟು ಮೂಸಿದಳು, "ಹಾಲು, ಯಾವುದೋ ಮಗು ಕಕ್ಕಿದೆ" ಅಂದಳು. ಕೌಂಟರಿನ ಮರ ಮೂಸಿದಳು. ತಿರುಗಿ ಸಾಹೇಬರ ಮೈಮೇಲಿದ್ದ ಕೋಟಿಗೇ ಮೂಗು ತಂದಳು. ನಾನು ತಡೆಯುವಷ್ಟರಲ್ಲಿ ಆಗಿಹೋಗಿತ್ತು.

"ಸಿಗರೇಟು," ಅಂದಳು.

"ಮನೇಲಿ ಹೇಳ್ಬೇಡಿ," ಅಂದರು ಸಾಹೇಬರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ ಕೈಯಲ್ಲಿದ್ದ ಕೋಟನ್ನು ನೋಡಿ ಕೇಳಿದರು. "ಹಾಗಾದ್ರೆ ಈ ಎರಡು ವಾರ ನಾನು ಇಷ್ಟಪಟ್ಟು ಮೂಸಿದ್ದು?"

"ನಮ್ಮವರ ಕೈಚಳಕ," ಅಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥ ಇರಲಿಲ್ಲ. ಎಲ್ಲವೂ ಮುಗಿಯಿತು, ಯಂತ್ರ ನಾಳೆಯೇ ಹೋಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ಈ ಎರಡು ವಾರ ಮಾತ್ರ ಅಲ್ಲ ಸಾಹೇಬ್ರೇ," ಅಂದಳು ಅಕ್ಕ. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಈಗ ತಾನೇ ಏನೋ ತಿಳಿದವರ ಹಾಗೆ ಮಾತಾಡುತ್ತಿದ್ದಳು. "ಇಷ್ಟು ವರ್ಷವೂ ನೀವು ಮೂಸಿದ್ದು ಅದನ್ನೇ. ನಾವು ಬಟ್ಟೆಯಿಂದ ಕೊಳೆ ತೆಗೆದು, ಅದರ ಜಾಗದಲ್ಲಿ ಇಷ್ಟು ಮದ್ದು ಉಳಿಸಿ ಕೊಡ್ತಿದ್ವಿ. ಅದಕ್ಕೇ ನೀವು ಕ್ಲೀನ್ ಅಂತಿದ್ರಿ. ಪಾಪ, ನಮಗೂ ಹಾಗೇ ಅನ್ನಿಸ್ತಿತ್ತು."

ಅವಳು ಸಾಲಿನ ಈಚೆ ತುದಿಯ ಮೊದಲ ಕೋಟು ಇಳಿಸಿದಳು. ಅದರ ಜೇಬಿಗೆ ನಮ್ಮವರ ಚೂರು ಇನ್ನೂ ಸೇರಿರಲಿಲ್ಲ. ಅದನ್ನು ಸಾಹೇಬರ ಮೂಗಿಗೆ ಹಿಡಿದಳು.

"ಏನು ಬರುತ್ತೆ ಹೇಳಿ."

ಅವರು ಕಾಲರು ಮೂಸಿದರು. ಕಂಕುಳು ಮೂಸಿದರು. ಬಹಳ ಹೊತ್ತು ಮೂಸಿದರು.

"ಏನೂ ಬರಲ್ಲ."

"ಬೆವರು?"

"ಇಲ್ಲ."

"ಅಷ್ಟೇ ನೋಡಿ," ಅಂದಳು ಅಕ್ಕ. "ಇದಕ್ಕಿಂತ ಕ್ಲೀನ್ ಮಾಡೋಕೆ ನನಗೆ ಬರಲ್ಲ."

ಸಾಹೇಬರು ಕೋಟನ್ನು ಕೆಳಗಿಳಿಸಿದರು. ಏನೋ ಲೆಕ್ಕ ಹಾಕುವವರ ಹಾಗೆ ಕಂಡರು.

"ನಮ್ಮಲ್ಲಿ ಕೊಳಲು ನುಡಿಸೋ ಒಬ್ಳು ಹುಡುಗಿ ಇದ್ದಾಳೆ," ಅಂದರು ಕೊನೆಗೆ. "ಕೋಟು ಒಗೆದು ಬಂದ ದಿನ ವೇದಿಕೆ ಮೇಲೆ ಕೆಮ್ಮೋಕೆ ಶುರು ಮಾಡ್ತಾಳೆ. ಹೆದರಿಕೆ ಅಂತ ನಾನು ಬೈತಿದ್ದೆ. ಈ ಹಂಗಾಮಿನಲ್ಲಿ ಕೆಮ್ಮು ನಿಂತಿತ್ತು, ಧೈರ್ಯ ಬಂತು ಅಂತ ಹೊಗಳಿದೆ. ಹೋದ ವಾರ ಮತ್ತೆ ಶುರುವಾಯ್ತು. ಮತ್ತೆ ಬೈದೆ." ಅವರು ನಮ್ಮವರ ಕಡೆ ನೋಡಿದರು, ನಮ್ಮವರು ನೆಲ ನೋಡಿದರು. "ನನ್ನದೂ ಒಂದು ತಪ್ಪಿದೆ ಅಂತ ಅವಳ ಹತ್ರ ಹೇಳ್ಬೇಕು."

"ಹೇಳಿ," ಅಂದೆ.

"ಹೇಳ್ತೀನಮ್ಮ. ಆ ಚೂರು ಇಟ್ಟ ಕೋಟುಗಳನ್ನ ಮತ್ತೊಂದು ಸಲ ಗಾಳಿಗೆ ಹಾಕ್ಕೊಡಿ, ಸಂಜೆ ಕಳಿಸ್ತೀನಿ ಯಾರನ್ನಾದ್ರೂ. ಮುಂದಿನ ಹಂಗಾಮಿಗೂ ಇಲ್ಲೇ ಬರ್ತವೆ." ಬಾಗಿಲವರೆಗೆ ಹೋದವರು ತಿರುಗಿ ನಿಂತು, ತಮ್ಮ ಮೈಮೇಲಿನ ಕೋಟು ಬಿಚ್ಚಿ ಕೌಂಟರಿನ ಮೇಲಿಟ್ಟರು. "ಇದನ್ನೂ. ಮನೆಗೆ ಹೋಗೋಕೆ ಮುಂಚೆ."

ಅವರು ಬೀದಿಗೆ ಇಳಿದ ಮೇಲೆ ನಮ್ಮವರು ನಕ್ಕರು, ಅಕ್ಕ ನಕ್ಕಳು, ನಾನೂ ನಗಲು ಹೋಗಿ ಕುರ್ಚಿಯ ಮೇಲೆ ಕುಸಿದೆ. ಇಷ್ಟು ತಿಂಗಳು ಬಿಗಿ ಹಿಡಿದುಕೊಂಡಿದ್ದದ್ದು ಎಲ್ಲವೂ ಒಟ್ಟಿಗೇ ಬಿಟ್ಟಿತು. ಯಂತ್ರ ಇಲ್ಲೇ ಉಳಿಯುತ್ತದೆ. ಅಕ್ಕನ ಮೇಜು ಅಕ್ಕನಿಗೇ. ಅಳಬಾರದು ಎಂದುಕೊಂಡೇ ಅತ್ತೆ, ಅದೂ ಹಗಲು ಹೊತ್ತು, ರಸ್ತೆಗೆ ಕಾಣುವ ಹಾಗೆ. ನಮ್ಮವರಿಗೆ ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾವತ್ತೂ ತಿಳಿದಿಲ್ಲ. ಶೆಡ್ಡಿನ ಡಬ್ಬಿಯನ್ನೂ ನಾಳೆ ಇಂಜಿನಿಯರ್ ಹುಡುಗಿಯ ಕೈಗೇ ಕೊಡುತ್ತೇನೆ, ಆಣೆ ಮಾಡಿ ಹೇಳುತ್ತೇನೆ ಎನ್ನುತ್ತಾ ಕೋಟುಗಳನ್ನು ಹೊತ್ತು ಒಳಗೆ ಹೋದರು.

ಅಕ್ಕ ಕೌಂಟರು ಸುತ್ತಿ ನನ್ನ ಹಿಂದೆ ಬಂದು ನಿಂತಳು. ಬೆನ್ನು ಸವರುತ್ತಾಳೆ ಅಂದುಕೊಂಡೆ. ಅವಳು ಬಗ್ಗಿ, ನನ್ನ ತುರುಬು ಒಂದು ಪಕ್ಕಕ್ಕೆ ಸರಿಸಿ, ಕತ್ತಿನ ಹಿಂದೆ ಮೂಗಿಟ್ಟಳು. ಒಂದು ಸಲ ಉಸಿರೆಳೆದಳು. ನಿಧಾನವಾಗಿ ಮತ್ತೊಂದು ಸಲ ಎಳೆದಳು.

"ಬೆವರು ನಾರ್ತಿದ್ದೀಯ ಕಣೇ ಪುಟ್ಟಿ," ಅಂದಳು.

ನನ್ನ ಮುಖಕ್ಕೆ ಹೀಗೆ ಹೇಳಿ ನೆಟ್ಟಗೆ ಮನೆಗೆ ಹೋದವರು ನಮ್ಮ ಬೀದಿಯಲ್ಲಿ ಇನ್ನೂ ಯಾರೂ ಇಲ್ಲ.

"ಇನ್ನೊಂದು ಸಲ ಹೇಳು ಅಕ್ಕ," ಅಂದೆ.